ಬಾಲವಿಲ್ಲದ ಪದ

ಚಿಂತಾಮಣಿ ರಸ್ತೆಯ ತಿರುವಿನಲ್ಲಿ, ನಮ್ಮ ಶಾಲೆಯ ಗೇಟಿಗೆ ಸ್ವಲ್ಪ ಮೊದಲು,
ಹಳದಿ ಬೋರ್ಡು: ಗೋ ಸ್ಲೋ.
ಕೊನೆಗೊಂದು 'ಲೀ' ಇರಬೇಕಿತ್ತಲ್ವಾ ಸಾರ್,
ಎಂದ ವೆಂಕಟರವಣ, ಒಂಬತ್ತನೇ ತರಗತಿ, ಬಿ ಸೆಕ್ಷನ್.
ಹೋದ ವಾರವಷ್ಟೇ ನಾನೇ ಹೇಳಿಕೊಟ್ಟಿದ್ದೆ,
ಬಾಲ ಇದ್ದರೆ ಕ್ರಿಯಾವಿಶೇಷಣ ಅಂತ.
ಲಾರಿ ಗುದ್ದಿ ಬಾಲ ಮುರಿದುಹೋಗಿರಬೇಕು ಕಣೋ, ಅಂದೆ.
ಕ್ಲಾಸು ನಕ್ಕಿತು. ರಾತ್ರಿ ನಿಘಂಟು ತೆಗೆದೆ.
ಬಾಲವಿಲ್ಲದೆಯೂ ಸರಿಯಂತೆ.
ಇಪ್ಪತ್ತೆರಡು ವರ್ಷ
ಅದೊಂದು ಬಾಲಕ್ಕೆ ಅರ್ಧರ್ಧ ಮಾರ್ಕು ಕಿತ್ತವನು ನಾನು.

ಅವರ ಭಾಷೆಯಲ್ಲಿ ಮೊದಲು ಹೋಗಿಯೇಬಿಡುತ್ತಾರೆ.
ಹೇಗೆ, ಎತ್ತ ಎಂಬುದು ಆಮೇಲೆ ಹಿಂದಿನಿಂದ ಓಡಿಬಂದು
ಬಸ್ಸಿನ ಏಣಿಗೆ ಜೋತುಬೀಳುತ್ತದೆ.
ನಮ್ಮಲ್ಲಿ ಮೊದಲು ಮೆಲ್ಲಗೆ, ಬಿರಬಿರ, ಕುಂಟುತ್ತ, ಗೊಣಗುತ್ತ,
ಚಪ್ಪಲಿ ಹುಡುಕುತ್ತ,
ಎಲ್ಲ ಮುಗಿದು ಕಟ್ಟಕಡೆಗೆ ಹೋಗುವುದು.
ಅದೂ ಬರೀ ಹೋಗುವಂತಿಲ್ಲ. ಹೋಗಿ ಬರ್ತೀನಿ ಅನ್ನಬೇಕು.
ವೆಂಕಟರವಣನ ಮನೆಯಲ್ಲಿ, ಪೋಯಿ ಒಸ್ತಾ.
ಮುಬೀನಾಳ ಮನೆಯಲ್ಲಿ, ಜಾಕೆ ಆತೂಂ.
ಶಿಡ್ಲಘಟ್ಟದಲ್ಲಿ ಯಾವ ಭಾಷೆಯಲ್ಲೂ
ಸುಮ್ಮನೆ ಹೋದವರು ಒಬ್ಬರೂ ಇಲ್ಲ,
ಸತ್ತವರನ್ನು ಬಿಟ್ಟು.

ಹಾಲು ಗೋಸ್ ಆಫ್: ಒಡೆದುಹೋಗುತ್ತದೆ.
ದೀಪ ಗೋಸ್ ಔಟ್: ಆರಿಹೋಗುತ್ತದೆ.
ಗೂಡಿನ ರೇಟು ಗೋಸ್ ಡೌನ್.
ಇದಕ್ಕೆ ಅರ್ಥ ಬರೆಸಬೇಕಾಗಲಿಲ್ಲ.
ಹಿಂದಿನ ಬೆಂಚಿನಿಂದ ತೆಲುಗಿನಲ್ಲೊಂದು ಬೈಗುಳ ಬಂತು,
ಕಿವಿಗೆ ಬೀಳದವನಂತೆ ಬೋರ್ಡು ಒರೆಸಿದೆ.

ಆಮೇಲೆ ಬರೆದದ್ದು:
ಗೋ ಟು ಸ್ಕೂಲ್. ಗೋ ಟು ಮಾರ್ಕೆಟ್. ಗೋ ಹೋಮ್.
ಕೊನೇದರಲ್ಲಿ 'ಟು' ಎಲ್ಲಿ ಹೋಯ್ತು, ಕೇಳಿದಳು ಮುಬೀನಾ.
ಅವಳಪ್ಪ ರೀಲರು. ಹಿತ್ತಲಲ್ಲಿ ಎರಡು ಬೇಸಿನ್ನು,
ಅವಳ ನೋಟ್‌ಬುಕ್ಕಿಗೂ ಬೆಂದ ಹುಳದ ವಾಸನೆ.
ಇಲ್ಲಿ ಹೋಮ್ ನಾಮಪದ ಅಲ್ಲಮ್ಮ, ಕ್ರಿಯಾವಿಶೇಷಣ, ಅಂದೆ.
ಅವಳು ಪೆನ್ನಿನ ಮುಚ್ಚಳ ಕಚ್ಚಿದಳು.
ಹಂಗಾದ್ರೆ ಮನೆ ಅನ್ನೋದು ಜಾಗ ಅಲ್ವಾ ಸಾರ್?
ಹೋಗೋ ರೀತಿನಾ?

ಗಂಟೆ ಹೊಡೆಯಿತು. ನಾಳೆ ಹೇಳ್ತೀನಿ ಅಂದೆ.
ಹೊಡೆಯದಿದ್ದರೂ ಅದನ್ನೇ ಅನ್ನುತ್ತಿದ್ದೆ.

ಸಂಜೆ ದಿಬ್ಬೂರಹಳ್ಳಿ ಬಸ್ಸಿಗೆ ಕಾಯುತ್ತ ನೋಡಿದೆ.
ಗೂಡು ಮಾರಿದ ಮುದುಕನೊಬ್ಬ, ಹೆಗಲಿಗೆ ಖಾಲಿ ಚೀಲ.
ಬೆಳಿಗ್ಗೆಯೂ ಇವೇ ಕಾಲು, ಇದೇ ರಸ್ತೆ,
ನಡಿಗೆ ಬೇರೆ ಇತ್ತು.
ಯಾರೂ ಹೊಡೆಯದೆ ಒಂದು ಎಮ್ಮೆ
ಮಸೀದಿ ಪಕ್ಕದ ಸಂದಿಗೆ ತಿರುಗಿತು.
ವೇಗವಾಗಿ ಅನ್ನುತ್ತೇವೆ, ನಿಧಾನವಾಗಿ ಅನ್ನುತ್ತೇವೆ,
ನಮ್ಮ ಬಾಲ 'ಆಗಿ'.
ಎಮ್ಮೆ ಮನೆಯಾಗಿ ಹೋಯಿತು ಎಂದು
ಬಾಯೊಳಗೇ ಒಮ್ಮೆ ಅಂದು ನೋಡಿದೆ.
ಕಂಡಕ್ಟರ್ ಸೀನಪ್ಪ, ಏನ್ ಮೇಷ್ಟ್ರೇ, ಅಂದ.

ನಮ್ಮಣ್ಣನ ಜಗಲಿಯಲ್ಲಿ ಚಂದ್ರಿಕೆ ಒರಗಿಸಿದ್ದರು.
ಟಾರ್ಚು ಬಿಟ್ಟು ಕೂತೆ. ಹಣ್ಣಾದ ಹುಳವೊಂದು
ತಲೆಯಾಡಿಸುತ್ತಿತ್ತು: ಎಂಟು, ಮತ್ತೆ ಎಂಟು, ಮತ್ತೊಂದು ಎಂಟು,
ಒಂದಂಗುಲ ಮುಂದೆ ಹೋಗದೆ
ಹೆಚ್ಚುಕಡಿಮೆ ಕಿಲೋಮೀಟರು ಹೋಗುತ್ತದಂತೆ.
ಹೋದಷ್ಟೂ ಗೋಡೆ.
ಗೂಡಿಗೆ ಹೋಗುತ್ತಿರಲಿಲ್ಲ ಅದು.
ಗೂಡಾಗಿ ಹೋಗುತ್ತಿತ್ತು.

ಮರುದಿನ ಹಾಗೇ ಹೇಳಿದೆ, ಸ್ವಲ್ಪ ಜಂಬದಿಂದಲೇ.
ಮುಬೀನಾ ಬರೆದುಕೊಳ್ಳಲಿಲ್ಲ.
ಅಪ್ಪ ಅದನ್ನ ಬಿಚ್ತಾರಲ್ಲ ಸಾರ್, ಬಿಸಿನೀರಲ್ಲಿ,
ಹುಳ ಹೋಗಿದ್ದ ದಾರೀಲೇ, ಎಳೆ ತುಂಡಾಗದ ಹಂಗೆ,
ಮನೆ ಮುಗಿಯೋ ತನಕ.
ಅದಕ್ಕೆ ಗೋ ಪಕ್ಕ ಏನು ಹಾಕೋದು?

ಬ್ಯಾಕ್ ಎಂದು ಬರೆದೆ. ಒರೆಸಿದೆ.
ಅವೇ ಎಂದು ಬರೆದೆ.
ಆಫ್ ಅಂದ ವೆಂಕಟರವಣ, ಔಟ್ ಅಂದ ಇನ್ನೊಬ್ಬ,
ಕ್ವಿಕ್ಲೀ ಅಂತ ಕೂಗಿತು ಕಿಟಕಿ ಪಕ್ಕದ ಸಾಲು.
ಹೊರಗೆ ಟೊಮೆಟೊ ಲಾರಿಯೊಂದು
ಹಳದಿ ಬೋರ್ಡಿನ ಪಕ್ಕ ಹಾದುಹೋಯಿತು,
ಸ್ಲೋ ಅಲ್ಲ,
ಸ್ಲೋಲೀನೂ ಅಲ್ಲ.